ಸ್ಮೈಲಿ ಮತ್ತೆ ಬಂದಿದ್ದಾನೆ, ಈ ಸಲ ಮಗನ ಕೈಯಲ್ಲಿ. ಓದಿದವರು ಏನಂತೀರಿ?

ರಾತ್ರಿಪಾಳಿ_ಹುಬ್ಬಳ್ಳಿ

ಮೊದಲೇ ಹೇಳಿಬಿಡುತ್ತೇನೆ. ಗೂಢಚಾರರ ಕಾದಂಬರಿ ಬರೆಯುತ್ತಿದ್ದ ಬ್ರಿಟಿಷ್ ಲೇಖಕ ಜಾನ್ ಲ ಕಾರೆಯ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ' ಓದದವರು ಇಲ್ಲಿಂದಲೇ ವಾಪಸ್ ಹೋಗಿ. ಅದರ ಗುಟ್ಟು ಕೆಳಗೆ ಬಯಲಾಗುತ್ತದೆ. ಪುಸ್ತಕ ಬಂದದ್ದು 1974ರಲ್ಲಿ, ಆದರೂ ಆಮೇಲೆ ನನಗೆ ಬೈಬೇಡಿ.

ನಿಕ್ ಹಾರ್ಕವೇ ಬರೆದ 'ಕಾರ್ಲಾಸ್ ಚಾಯ್ಸ್' ಓದಿ ಮುಗಿಸಿದೆ. 2024ರ ಅಕ್ಟೋಬರಿನಲ್ಲಿ ಬಂದ ಕಾದಂಬರಿ. ಹಾರ್ಕವೇ ಎಂದರೆ ಲ ಕಾರೆಯ ಕೊನೆಯ ಮಗ. ಅಪ್ಪ 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋಗಿದ್ದ 'ಸಿಲ್ವರ್‌ವ್ಯೂ' ಹಸ್ತಪ್ರತಿಯನ್ನು ಮಗನೇ ಓರಣ ಮಾಡಿ ಮರುವರ್ಷ ಹೊರತಂದರು. ಅದು ಸರಿ, ಅಪ್ಪ ಬರೆದದ್ದು. ಈ ಸಲ ಅಪ್ಪ ಸೃಷ್ಟಿಸಿದ ಗೂಢಚಾರ ಜಾರ್ಜ್ ಸ್ಮೈಲಿಯನ್ನೇ ಎತ್ತಿಕೊಂಡಿದ್ದಾರೆ. ಧೈರ್ಯ ಬೇಕು.

ಕಥೆ ನಡೆಯುವುದು 1963ರ ವಸಂತದಲ್ಲಿ. 'ದ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್' ಆದಮೇಲೆ, 'ಟಿಂಕರ್ ಟೈಲರ್'ಗೆ ಮುಂಚೆ. ಬರ್ಲಿನ್ ಗೋಡೆಯ ಬುಡದಲ್ಲಿ ಬ್ರಿಟಿಷ್ ಗೂಢಚಾರ ಅಲೆಕ್ ಲೀಮಸ್ ಸತ್ತಿದ್ದಾನೆ. ಆ ಪಾಪದಲ್ಲಿ ತನಗೂ ಪಾಲಿದೆ ಎಂದು ಸ್ಮೈಲಿ ಕೆಲಸ ಬಿಟ್ಟು ಮನೆಯಲ್ಲಿದ್ದಾನೆ. ಹೆಂಡತಿ ಆನ್ ಜೊತೆ ಸಂಸಾರ ಅಪರೂಪಕ್ಕೆ ನೆಟ್ಟಗಿದೆ. ಅಷ್ಟರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಹಿಲ್‌ನಲ್ಲಿರುವ ಬಾನಾತಿ ಎಂಬ ಹಂಗೇರಿಯದ ಪುಸ್ತಕ ಏಜೆಂಟನನ್ನು ಕೊಲ್ಲಲು ಮಾಸ್ಕೋದವರು ಒಬ್ಬನನ್ನು ಕಳಿಸುತ್ತಾರೆ. ಬಂದವನ ಮನಸ್ಸು ಬದಲಾಗಿದೆ. ಸಾಯಬೇಕಾದವನು ಮೊದಲೇ ಮಾಯ. ಆಫೀಸಿನಲ್ಲಿ ಸಿಕ್ಕವಳು ಸೂಸನ್ನಾ ಗೆರೊ ಎಂಬ ಸಹಾಯಕಿ ಮಾತ್ರ, ಅವಳೂ ಹಂಗೇರಿ ಬಿಟ್ಟು ಬಂದವಳು. ಅವಳನ್ನು ಒಂದು ಸಲ ಮಾತಾಡಿಸಿಕೊಡು, ಅಷ್ಟು ಸಾಕು ಎಂದು ಹಳೇ ಬಾಸ್ ಕಂಟ್ರೋಲ್ ಸ್ಮೈಲಿಯನ್ನು ಕರೆಸುತ್ತಾನೆ. ಒಂದು ಸಲ ಎಂದದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಆಫೀಸಿನಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಮೇಲ್ ಸರ್ವೀಸ್‌ನಲ್ಲಿ, ಸಾರ್ಟರ್ ಆಗಿ ನಿವೃತ್ತನಾದವನು. ರಾತ್ರಿ ಪಾಳಿಯಲ್ಲಿ ಬ್ಯಾಗು ಬಿಚ್ಚುವುದು, ಪಟ್ಟಿಗೆ ತಾಳೆ ನೋಡುವುದು, ಸೀಲು ಒಡೆದಿದ್ದರೆ ಬರೆದಿಡುವುದು. ನನಗೆ ಲ ಕಾರೆ ಹಿಡಿಸಿದ್ದೇ ಅದಕ್ಕೆ. ಅವರ ಸರ್ಕಸ್, ಅಂದರೆ ಕಾದಂಬರಿಗಳಲ್ಲಿ ಬರುವ ಬ್ರಿಟಿಷ್ ಗುಪ್ತಚರ ಇಲಾಖೆ, ಒಂದು ಆಫೀಸು. ಪ್ರಮೋಷನ್ನಿಗೆ ಕಚ್ಚಾಟ, ಕುರ್ಚಿಗೆ ಕಚ್ಚಾಟ, ಯಾರು ಯಾರ ಮನುಷ್ಯ ಎಂಬ ಲೆಕ್ಕ. 'ಟಿಂಕರ್ ಟೈಲರ್'ನಲ್ಲಿ ನನಗೆ ಮೈ ಜುಮ್ಮೆಂದದ್ದು ಗುಂಡು ಹಾರಿದಾಗ ಅಲ್ಲ. ಡ್ಯೂಟಿ ಪುಸ್ತಕದಲ್ಲಿ ಸರ್ಕಸ್ಸಿನ ಏಜೆಂಟ್ ರಿಕ್ಕಿ ಟಾರ್‌ನ ತಂತಿ ಬಂದ ರಾತ್ರಿಯ ಹಾಳೆಗಳು ಮಾತ್ರ ಇಲ್ಲ ಎಂದು ಸ್ಮೈಲಿಯ ನೆಚ್ಚಿನ ಸಹೋದ್ಯೋಗಿ ಪೀಟರ್ ಗಿಲಮ್‌ಗೆ ಗೊತ್ತಾಗುತ್ತದಲ್ಲ, ಆಗ. ಆಮೇಲೆ ಸ್ಮೈಲಿ ಪ್ಯಾಡಿಂಗ್ಟನ್ ಹತ್ತಿರದ ಆ ಸಾಧಾರಣ ಹೋಟೆಲಿನಲ್ಲಿ ಕೂತು ರಾತ್ರಿಯಿಡೀ ಫೈಲು ಓದುತ್ತಾನೆ. ಆ ಅಧ್ಯಾಯಗಳನ್ನು ಎಷ್ಟು ಸಲ ಓದಿದ್ದೇನೋ.

ಈಗ ನನ್ನ ಪ್ರಶ್ನೆ. ಇಲ್ಲಿ ಮುಂದೇನು ಎಂದು ನಮಗೆ ಮೊದಲೇ ಗೊತ್ತು. ಸ್ಮೈಲಿ ಸಾಯುವುದಿಲ್ಲ. ಮಾಸ್ಕೋದ ಗೂಢಚಾರರ ಮುಖ್ಯಸ್ಥ ಕಾರ್ಲಾ ಸಿಕ್ಕಿಬೀಳುವುದಿಲ್ಲ, ಅದು 'ಸ್ಮೈಲೀಸ್ ಪೀಪಲ್' ಕೊನೆಗೇ. ಸರ್ಕಸ್ಸಿನ ಒಳಗೇ ಇರುವ ಬಿಲ್ ಹೇಡನ್ ಮಾಸ್ಕೋದ ಮನುಷ್ಯ. ಆನ್ ಸಂಸಾರ ನಿಲ್ಲುವುದಿಲ್ಲ. ಹಾಗಿದ್ದ ಮೇಲೆ ಈ ನಡುವಿನ ಕಥೆಯಲ್ಲಿ ಎದೆ ಹೊಡೆದುಕೊಳ್ಳುವಂಥದ್ದು ಏನು ಉಳಿಯಿತು? ನಿಮಗೆ ಉಳಿಯಿತಾ?

ಇನ್ನೊಂದು ತಕರಾರು. ಈ ಸ್ಮೈಲಿ ಸ್ವಲ್ಪ ಜಾಸ್ತಿ ಒಳ್ಳೆಯವನು. ಜಾಸ್ತಿ ಮಾತಾಡುತ್ತಾನೆ. ಎಲ್ಲರೂ ಅವನನ್ನು ಮೆಚ್ಚುತ್ತಾರೆ. ಮಗನಿಗೆ ಸ್ಮೈಲಿ ಮೇಲೆ ಪ್ರೀತಿ ಇದೆ, ಅದು ಪುಟಪುಟದಲ್ಲೂ ಕಾಣುತ್ತದೆ. ಅಪ್ಪನಿಗೆ ಪ್ರೀತಿ ಇದ್ದರೂ ಅನುಮಾನವೂ ಇತ್ತು. ಪುಸ್ತಕ ಚೆನ್ನಾಗಿಲ್ಲ ಎನ್ನುತ್ತಿಲ್ಲ. ಗಬಗಬ ಓದಿಸಿಕೊಂಡಿತು. ಅದೇ ನನಗೆ ಗುಮಾನಿ. ಲ ಕಾರೆ ಎಂದಾದರೂ ಗಬಗಬ ಓದಿಸಿಕೊಂಡಿದ್ದಾರಾ?

ಬೈವಾಟರ್_ಬೀದಿ

ಸರ್, ನಿಮ್ಮ ಡ್ಯೂಟಿ ಪುಸ್ತಕದ ಮಾತು ಓದಿ ಖುಷಿಯಾಯಿತು. ಆದರೆ ಮುಂದೇನು ಎಂದು ಗೊತ್ತಿರುವುದರಿಂದ ರುಚಿ ಕೆಟ್ಟಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಹೇಡನ್‌ನನ್ನೇ ತೆಗೆದುಕೊಳ್ಳಿ. ಈ ಪುಸ್ತಕದಲ್ಲಿ ಅವನು ಎಲ್ಲರ ಮೆಚ್ಚಿನ ಬಿಲ್. ಚೂಟಿ, ಮಾತುಗಾರ. ಅವನು ಇರುವ ಕೋಣೆಯಲ್ಲಿ ಯಾರಾದರೂ ಒಂದು ಊರಿನ ಹೆಸರು, ಒಂದು ತಾರೀಕು ಹೇಳಿದರೆ ಸಾಕು, 'ಅಯ್ಯೋ, ಬಾಯಿಮುಚ್ಚಿ' ಎಂದು ಕೂಗಬೇಕು ಅನಿಸುತ್ತಿತ್ತು. ಹಾರ್ಕವೇ ಅಲ್ಲಿ ಕಣ್ಣು ಮಿಟುಕಿಸುವುದಿಲ್ಲ. ಓದುಗನ ಕಡೆ ತಿರುಗಿ 'ನಿಮಗೆ ಗೊತ್ತಲ್ಲ' ಎನ್ನುವುದಿಲ್ಲ. ಹೊಸದಾಗಿ ಓದುವವರಿಗೆ ಅವನು ಬರೀ ಒಬ್ಬ ಸಹೋದ್ಯೋಗಿ. ನಮಗೆ ಮಾತ್ರ ಭಯ.

ವರ್ಷವನ್ನೂ ಸುಮ್ನೆ ಆರಿಸಿಲ್ಲ ಎಂದು ನನ್ನ ನಂಬಿಕೆ. 1963ರ ಜನವರಿಯಲ್ಲೇ ನಿಜವಾದ ಕಿಮ್ ಫಿಲ್ಬಿ, ರಷ್ಯಾ ಪರ ಬೇಹುಗಾರಿಕೆ ಮಾಡಿದ ಬ್ರಿಟಿಷ್ ಗುಪ್ತಚರ, ಬೈರೂತಿನಿಂದ ತಪ್ಪಿಸಿಕೊಂಡು ಮಾಸ್ಕೋ ಸೇರಿದ್ದು. ನಮ್ಮ ಅಂಬಾಲದಲ್ಲಿ ಹುಟ್ಟಿದ ಮನುಷ್ಯ, ಹೇಡನ್‌ಗೆ ಮಾದರಿಯಾದವನು. ಲ ಕಾರೆ ಆಗ ಸ್ವತಃ ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿ, ಜರ್ಮನಿಯಲ್ಲಿ ಕೆಲಸದಲ್ಲಿದ್ದರು. ತನ್ನ ಹೆಸರನ್ನೂ ಫಿಲ್ಬಿ ರಷ್ಯನ್ನರಿಗೆ ಕೊಟ್ಟಿದ್ದ ಎಂದು ಅವರು ಕೊನೆಯವರೆಗೂ ನಂಬಿದ್ದರು. ಅಪ್ಪನ ನೌಕರಿಗೆ ಕುತ್ತು ತಂದ ಅದೇ ವರ್ಷಕ್ಕೆ ಮಗ ಹೋಗಿ ಕೂತಿದ್ದಾರೆ.

ಮಾತು ಜಾಸ್ತಿ ಎಂದಿರಲ್ಲ, ಅದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ. ಸ್ಮೈಲಿಯ ಬದುಕಿನ ದೊಡ್ಡ ಸೋಲು ಯಾವುದು? 1955ರಲ್ಲಿ ದಿಲ್ಲಿಯ ಜೈಲು. ಎದುರಿಗೆ ಕೂತವನು ಕಾರ್ಲಾ ಎಂದು ಗೊತ್ತಿಲ್ಲದೆ, ನಮ್ಮ ಕಡೆ ಬಾ ಎಂದು ಕರೆಯುತ್ತಾನೆ. ಅವನು ಬಾಯಿ ಬಿಡುವುದಿಲ್ಲ. ಇವನು ಸೆಕೆಯಲ್ಲಿ ಬೆವರುತ್ತಾ ಮಾತಾಡಿದ್ದೇ ಮಾತಾಡಿದ್ದು. ಹೆಂಡತಿಯ ಬಗ್ಗೆಯೂ ಮಾತಾಡಿಬಿಡುತ್ತಾನೆ. ಆನ್ ಕೊಟ್ಟಿದ್ದ ಲೈಟರ್ ಕಾರ್ಲಾ ಜೇಬಿಗೆ ಹೋಗುತ್ತದೆ. ಇವನ ಮರ್ಮ ಎಲ್ಲಿದೆ ಎಂದು ಅವನಿಗೆ ಅವತ್ತೇ ತಿಳಿಯಿತು. ಮುಂದೆ ಆನ್ ಜೊತೆ ಸಂಬಂಧ ಬೆಳೆಸು ಎಂದು ಹೇಡನ್‌ಗೆ ಹೇಳಿಕೊಟ್ಟವನು ಅವನೇ. ಅಂದರೆ ಆ ಕಾಲದ ಸ್ಮೈಲಿ ಮಾತುಗಾರನೇ ಆಗಿದ್ದ.

ನನಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಸೂಸನ್ನಾಳನ್ನು ಸ್ಮೈಲಿ ಮಾತಾಡಿಸುವ ಭಾಗ. ನಾನು ವಕೀಲೆ. ದಿನಾ ಪಾಟೀಸವಾಲು ನೋಡುತ್ತೇನೆ, ಮಾಡುತ್ತೇನೆ. ಸಾಕ್ಷಿಯ ಬಾಯಿ ಬಿಡಿಸಲು ಗದರಿಸಬೇಕು ಎಂದುಕೊಂಡವರೇ ನಮ್ಮಲ್ಲಿ ಜಾಸ್ತಿ. ಸ್ಮೈಲಿ ಅವಳ ಕೆಲಸದ ಬಗ್ಗೆ ಕೇಳುತ್ತಾನೆ, ಕೇಳಿಸಿಕೊಳ್ಳುತ್ತಾನೆ, ಅವಳು ತಾನಾಗಿ ನೆನಪಿಸಿಕೊಳ್ಳುವ ಹಾಗೆ ಬಿಡುತ್ತಾನೆ. ನಮ್ಮ ಜೂನಿಯರ್‌ಗಳಿಗೆ ಓದಿಸಬೇಕು.

ಮತ್ತೆ ಸೂಸನ್ನಾ ಬರೀ ಸಾಕ್ಷಿಯಾಗಿ ಉಳಿಯುವುದಿಲ್ಲ. ಅಪ್ಪನ ಕಾದಂಬರಿಗಳಲ್ಲಿ ಹೆಂಗಸರು ಹೆಚ್ಚಾಗಿ ಗಂಡಸರ ದುಃಖಕ್ಕೆ ಕಾರಣವಾಗಲು ಬರುತ್ತಾರೆ. ಸರ್ಕಸ್ಸಿನ ರಷ್ಯಾ ತಜ್ಞೆ ಕಾನಿ ಸ್ಯಾಕ್ಸ್ ಒಬ್ಬಳನ್ನು ಬಿಡಿ, ಅವಳು ಬೇರೆಯೇ. ಲೀಮಸ್‌ನ ಪ್ರೇಯಸಿ ಲಿಜ್ ಗೋಲ್ಡ್ ನೆನಪಿಸಿಕೊಳ್ಳಿ. ಒಳ್ಳೆಯ ಹುಡುಗಿ, ಏನೂ ಗೊತ್ತಿಲ್ಲ, ಗೋಡೆ ಹತ್ತುವಾಗ ಸಾಯುತ್ತಾಳೆ. ಸೂಸನ್ನಾಗೆ ಏನಾಗುತ್ತದೆ ಎಂದು ಯಾವ ಹಳೇ ಪುಸ್ತಕದಲ್ಲೂ ಬರೆದಿಲ್ಲ. ಎದೆ ಹೊಡೆದುಕೊಳ್ಳುವುದು ಅಲ್ಲಿ, ಸರ್.

ಅಂಗಡಿಬೀದಿ_ಕುಂದಾಪುರ

ನಾನು ಬಾಂಡ್ ಪಾರ್ಟಿ. ಸ್ಮೈಲಿಯನ್ನು ಓದಿದ್ದು ಹಟಕ್ಕೆ, ಮೆಚ್ಚಿದ್ದು ನಿಧಾನಕ್ಕೆ. ಆದರೆ ಸತ್ತ ಲೇಖಕನ ಹೀರೋವನ್ನು ಇನ್ನೊಬ್ಬ ಮುಂದುವರಿಸುವ ವ್ಯಾಪಾರ ನಮಗೆ ಹೊಸದಲ್ಲ ಮಾರಾಯ್ರೆ. ನಾವು ಅರವತ್ತು ವರ್ಷದಿಂದ ಅನುಭವಿಸುತ್ತಾ ಬಂದಿದ್ದೇವೆ.

ಇಯಾನ್ ಫ್ಲೆಮಿಂಗ್ 1964ರ ಆಗಸ್ಟಿನಲ್ಲಿ ಹೋದರು. 1968ಕ್ಕೆ ಕಿಂಗ್ಸ್‌ಲಿ ಏಮಿಸ್ ಬೇರೆ ಹೆಸರಿಟ್ಟುಕೊಂಡು 'ಕರ್ನಲ್ ಸನ್' ಬರೆದರು. ಅದು ಚೆನ್ನಾಗಿದೆ. 1981ರಿಂದ ಜಾನ್ ಗಾರ್ಡ್ನರ್. ಅವರು ಬರೆದ ಹೊಸ ಬಾಂಡ್ ಕಾದಂಬರಿಗಳು 14, ಫ್ಲೆಮಿಂಗ್ ಬರೆದ ಕಾದಂಬರಿಗಳೇ 12! ಗಾರ್ಡ್ನರ್ ಬಾಂಡನನ್ನು ಎಂಬತ್ತರ ದಶಕಕ್ಕೆ ಎಳೆತಂದು ಸಾಬ್ ಕಾರಿನಲ್ಲಿ ಕೂರಿಸಿದರು. ಬೆಂಟ್ಲಿ ಓಡಿಸುತ್ತಿದ್ದ ಮನುಷ್ಯ. ನಾನು ಅಲ್ಲಿಗೆ ಒಮ್ಮೆ ಕೈಬಿಟ್ಟೆ. 2008ರಲ್ಲಿ ಸೆಬಾಸ್ಟಿಯನ್ ಫಾಕ್ಸ್, 2011ರಲ್ಲಿ ಜೆಫ್ರಿ ಡೀವರ್, 2013ರಲ್ಲಿ ವಿಲಿಯಮ್ ಬಾಯ್ಡ್. ಡೀವರ್ ಬಾಂಡನನ್ನು ಅಫ್ಘಾನಿಸ್ತಾನದಲ್ಲಿ ಕಾದಾಡಿ ಬಂದ ಹುಡುಗ ಮಾಡಿದರು. ಕಡೆಗೆ ಆಂಟನಿ ಹೊರೊವಿಟ್ಸ್ 2015ರಲ್ಲಿ ಬಂದು 'ಗೋಲ್ಡ್‌ಫಿಂಗರ್' ಮುಗಿದ ಎರಡೇ ವಾರಕ್ಕೆ ಕಥೆ ಶುರುಮಾಡಿದರು. ಫ್ಲೆಮಿಂಗ್ ಬಿಟ್ಟುಹೋಗಿದ್ದ ಒಂದಿಷ್ಟು ಬರಹವನ್ನೂ ಒಳಗೆ ಸೇರಿಸಿದರು. ಮೂರು ಬರೆದರು, ಮೂರೂ ಓದಬಹುದು.

ನಾನು ಕಂಡದ್ದು ಇಷ್ಟು. ಹೀರೋವನ್ನು ಈ ಕಾಲಕ್ಕೆ ತಂದವರು ಸೋತರು. ಹಳೇ ಪುಸ್ತಕಗಳ ಸಂದಿಯಲ್ಲಿ ಜಾಗ ಹುಡುಕಿದವರು ಗೆದ್ದರು. ಹಾರ್ಕವೇ ಸಂದಿಯಲ್ಲೇ ಹೋದರು, ಬುದ್ಧಿವಂತ.

ಆದರೆ ಒಂದು ವ್ಯತ್ಯಾಸ ಇದೆ. ಬಾಂಡ್‌ಗೆ ಮನೆ ಇಲ್ಲ, ಸಂಸಾರ ಇಲ್ಲ, ಮದುವೆಯಾದ ದಿನವೇ ಹೆಂಡತಿ ಸತ್ತಳು. ಯಾರು ಬೇಕಾದರೂ ಬರೆಯಬಹುದು. ನಮ್ಮಲ್ಲೂ ಬರೆಯಲಿಲ್ಲವಾ? 1968ರಲ್ಲಿ ದೊರೆ-ಭಗವಾನ್ 'ಜೇಡರ ಬಲೆ' ಮಾಡಿದರು, ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಕೋಟು ಹಾಕಿಕೊಂಡು ಬಂದರು, ಜನ ಹುಚ್ಚೆದ್ದು ನೋಡಿದರು. ಸ್ಮೈಲಿಯನ್ನು ಹಾಗೆ ತರಲಿಕ್ಕೆ ಆಗುವುದಿಲ್ಲ. ಕುಳ್ಳ, ದಪ್ಪ, ಹೊಂದದ ಬಟ್ಟೆ, ಟೈ ತುದಿಯಲ್ಲಿ ಕನ್ನಡಕ ಒರೆಸಿಕೊಳ್ಳುವವನು. ಟಿಕೆಟ್ ಯಾರು ತೆಗೆದುಕೊಳ್ಳುತ್ತಾರೆ?

ಅಪ್ಪನ ಅಂಗಡಿಯಲ್ಲಿ ಮಗ ಕೂತರೆ ಗಿರಾಕಿ ಮೊದಲು ನೋಡುವುದು ತೂಕದ ಕಲ್ಲು. ನಾನೂ ಹಾಗೆಯೇ ಓದಿದೆ. ಕಲ್ಲು ಅದೇ ಇದೆ. ಮಾತು ಮಾತ್ರ ಚೂರು ಸಿಹಿ. ಅಷ್ಟಕ್ಕೆ ಅಂಗಡಿ ಬಿಡುವುದಿಲ್ಲ ನಾನು.

ರಾತ್ರಿಪಾಳಿ_ಹುಬ್ಬಳ್ಳಿ

@ಬೈವಾಟರ್_ಬೀದಿ ಮೇಡಂ, ಸೂಸನ್ನಾ ವಿಷಯ ಒಪ್ಪಿದೆ. ದಿಲ್ಲಿ ಜೈಲಿನ ವಿಷಯ ಒಪ್ಪುವುದಿಲ್ಲ. 1955ರಲ್ಲಿ ಜಾಸ್ತಿ ಮಾತಾಡಿ ಕೈ ಸುಟ್ಟುಕೊಂಡವನು 1963ಕ್ಕೆ ಬಾಯಿಗೆ ಬೀಗ ಹಾಕಿಕೊಂಡಿರಬೇಕಲ್ವಾ? ಎಂಟು ವರ್ಷ ಆಗಿದೆ. ನಮ್ಮ ಆಫೀಸಿನಲ್ಲಿ ಒಂದು ಸಲ ಮೆಮೊ ತಿಂದವನು ಆಮೇಲೆ 'ನಮಸ್ಕಾರ' ಎನ್ನಲೂ ಯೋಚಿಸುತ್ತಿದ್ದ.

ಇನ್ನೊಂದು ನನ್ನನ್ನು ಕಾಡಿದ್ದು ಕಂಟ್ರೋಲ್. ಲೀಮಸ್‌ಗೆ ಆದದ್ದಕ್ಕೆ ಮೂಲ ಅವನೇ ತಾನೆ? ಪೂರ್ವ ಜರ್ಮನಿಯ ಗುಪ್ತಚರ ಇಲಾಖೆಯಲ್ಲಿದ್ದ ಮುಂಟ್ ಎಂಬ ತನ್ನ ಮನುಷ್ಯನನ್ನು ಉಳಿಸಿಕೊಳ್ಳಲು ಲೀಮಸ್ ಮತ್ತು ಲಿಜ್ ಇಬ್ಬರನ್ನೂ ಬಲಿಕೊಟ್ಟ. ಸ್ಮೈಲಿಗೆ ಅದು ಗೊತ್ತು. ಗೊತ್ತಿದ್ದೂ ಕರೆದಾಗ ಹೋಗುತ್ತಾನೆ. ಯಾಕೆ ಹೋದ ಎನ್ನುವುದಕ್ಕೆ ಈ ಪುಸ್ತಕ ಕೊಡುವ ಕಾರಣ ತುಸು ಉದಾರ. ಒಳ್ಳೆಯವನು, ಹುಡುಗಿಗೆ ಸಹಾಯ ಮಾಡಬೇಕು ಅನಿಸಿತು. ಇರಬಹುದು. ನನಗೆ ಅನಿಸುವುದು ಬೇರೆ. ಕೆಲಸ ಬಿಟ್ಟ ಮನುಷ್ಯನಿಗೆ ಕೆಲಸದ ಚಟ ಬಿಟ್ಟಿರುವುದಿಲ್ಲ. ರಿಟೈರ್ ಆದಮೇಲೂ ನಾನು ಹುಬ್ಬಳ್ಳಿ ಸ್ಟೇಷನ್ನಿಗೆ ಹೋದರೆ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದ ಮೇಲ್ ಬ್ಯಾಗಿನ ಲೇಬಲ್ ಓದುತ್ತೇನೆ. ಯಾರಿಗೂ ಸಹಾಯ ಮಾಡಲು ಅಲ್ಲ. ಅಪ್ಪ ಆಗಿದ್ದರೆ ಆ ಚಟವನ್ನೂ ಬರೆಯುತ್ತಿದ್ದರು. ಅದನ್ನು ತೋರಿಸಿ ಆನ್ ಎದುರು ಅವನನ್ನು ಸಣ್ಣವನನ್ನಾಗಿ ಮಾಡುತ್ತಿದ್ದರು. ಮಗನಿಗೆ ಅಷ್ಟು ಕಲ್ಲುಮನಸ್ಸು ಬರಲಿಲ್ಲ.

@ಅಂಗಡಿಬೀದಿ_ಕುಂದಾಪುರ, ನಿಮ್ಮ ಸಂದಿಯ ಮಾತು ಸರಿ. ಆದರೆ ಸ್ಮೈಲಿಯ ಕಾಲದ ಲೆಕ್ಕ ಅಪ್ಪನ ಕೈಯಲ್ಲೇ ತಪ್ಪಿತ್ತು ನೋಡಿ. 1961ರ ಮೊದಲ ಪುಸ್ತಕ 'ಕಾಲ್ ಫಾರ್ ದ ಡೆಡ್'ನಲ್ಲಿ ಅವನು 1928ರಲ್ಲೇ ಕೆಲಸಕ್ಕೆ ಆಯ್ಕೆಯಾದವನು. ಆ ಲೆಕ್ಕ ಹಿಡಿದರೆ 'ಸ್ಮೈಲೀಸ್ ಪೀಪಲ್' ಹೊತ್ತಿಗೆ ಎಪ್ಪತ್ತು ದಾಟಿರಬೇಕು. ಲ ಕಾರೆ ಸದ್ದಿಲ್ಲದೆ ವಯಸ್ಸು ಇಳಿಸಿಬಿಟ್ಟರು. ಇಳಿಸಿದ ಮೇಲೂ 2017ರ 'ಎ ಲೆಗಸಿ ಆಫ್ ಸ್ಪೈಸ್'ನಲ್ಲಿ ನೂರರ ಹತ್ತಿರದ ಮುದುಕ ಆರಾಮಾಗಿ ಕೂತಿದ್ದಾನೆ. ಸರ್ವಿಸ್ ಬುಕ್ಕಿನಲ್ಲಿ ಹುಟ್ಟಿದ ತಾರೀಕು ತಿದ್ದಿಸಿಕೊಂಡ ಎಷ್ಟೋ ಜನರನ್ನು ನೋಡಿದ್ದೇನೆ, ಇಷ್ಟು ಸಲೀಸಾಗಿ ತಿದ್ದಿಸಿಕೊಂಡವರನ್ನು ನೋಡಿಲ್ಲ.

ಡ್ಯಾನ್ಯೂಬ್_ದಂಡೆ

ನಮಸ್ಕಾರ. ಧಾರವಾಡದವನು, ಕೆಲಸದ ಮೇಲೆ ಬುಡಾಪೆಸ್ಟ್‌ನಲ್ಲಿದ್ದೇನೆ. ಸ್ಮೈಲಿಯನ್ನು ಮೊದಲು ಓದಿರಲಿಲ್ಲ. ಹಂಗೇರಿ ಬರುತ್ತದೆ ಎಂದು ಈ ಪುಸ್ತಕ ಹಿಡಿದೆ. ಆದ್ದರಿಂದ ನಿಮ್ಮ ಹೇಡನ್ ವಿಷಯ ಇಲ್ಲಿ ಓದಿಯೇ ಗೊತ್ತಾಯಿತು. ಇರಲಿ ಬಿಡಿ.

ಓದುವಾಗ ಒಂದು ಹಿನ್ನೆಲೆ ತಲೆಯಲ್ಲಿದ್ದರೆ ಕಥೆ ಇನ್ನೂ ಚೆನ್ನಾಗಿ ಕೂರುತ್ತದೆ. 1956ರ ಅಕ್ಟೋಬರಿನಲ್ಲಿ ಇಲ್ಲಿ ಜನ ದಂಗೆ ಎದ್ದರು. ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಬಂದವು. ಸುಮಾರು 2 ಲಕ್ಷ ಜನ ದೇಶ ಬಿಟ್ಟರು, ಹೆಚ್ಚಿನವರು ಆಸ್ಟ್ರಿಯಾ ಗಡಿ ದಾಟಿ. ಬ್ರಿಟನ್ನಿಗೆ ಹೋದವರೇ 20 ಸಾವಿರದಷ್ಟು. ಸೂಸನ್ನಾ ಆ ಪೈಕಿ ಒಬ್ಬಳು. ದಂಗೆಯ ಕಾಲದ ಪ್ರಧಾನಿ ಇಮ್ರೆ ನಾಜ್‌ರನ್ನು 1958ರ ಜೂನ್‌ನಲ್ಲಿ ನೇಣು ಹಾಕಿದರು. ಆಮೇಲೆ 1963ರ ಮಾರ್ಚ್‌ನಲ್ಲಿ ಯಾನೋಶ್ ಕಾದಾರ್ ಸರ್ಕಾರ 56ರ ಕೈದಿಗಳಲ್ಲಿ ಬಹುಪಾಲು ಜನರಿಗೆ ಕ್ಷಮೆ ಕೊಟ್ಟು ಬಿಟ್ಟಿತು.

ಅಂದರೆ ಕಥೆ ನಡೆಯುವ ಆ ವಸಂತದಲ್ಲೇ ಇಲ್ಲಿನ ಜೈಲುಗಳ ಬಾಗಿಲು ತೆರೆದಿತ್ತು. ಬೀದಿಯಲ್ಲಿ ಒಂದು ಸಡಿಲ, ಒಳಗೆ ಮಾತ್ರ ಹಳೇ ಕಣ್ಗಾವಲು. ಪುಸ್ತಕದ ಬುಡಾಪೆಸ್ಟ್‌ನಲ್ಲಿ ಆ ಎರಡೂ ಇವೆ. ಅದು ನನಗೆ ನಿಜ ಅನಿಸಿತು. ಇಲ್ಲಿ ಆಂದ್ರಾಶಿ ರಸ್ತೆಯಲ್ಲಿ 60ನೇ ನಂಬರಿನ ಕಟ್ಟಡ ಇದೆ. ರಹಸ್ಯ ಪೊಲೀಸರ ಕಚೇರಿಯಾಗಿತ್ತು, 2002ರಿಂದ ಮ್ಯೂಸಿಯಂ. ನೆಲಮಾಳಿಗೆಯ ಸೆರೆಕೋಣೆಗಳಿಗೆ ಲಿಫ್ಟಿನಲ್ಲಿ ಇಳಿಸುತ್ತಾರೆ, ಬಹಳ ನಿಧಾನಕ್ಕೆ ಇಳಿಯುವ ಲಿಫ್ಟು. ಬೇಕೆಂದೇ ಹಾಗೆ ಮಾಡಿದ್ದಾರೆ. ನನ್ನ ಜೊತೆ ಬಂದಿದ್ದ ಅತ್ತೆ ಅರ್ಧಕ್ಕೇ 'ಸಾಕು, ಮ್ಯಾಲ ಹೋಗೂಣು' ಎಂದರು.

ನನಗೆ ಕಷ್ಟವಾದದ್ದು ಹೆಸರುಗಳು. ಸರ್ಕಸ್‌ನ ಅಷ್ಟೂ ಜನ ಒಟ್ಟಿಗೆ ನುಗ್ಗುತ್ತಾರೆ. ಹಳಬರಿಗೆ ಅದು ಮದುವೆಮನೆ, ನನಗೆ ಯಾರು ಯಾರ ಕಡೆಯವರು ಎಂದೇ ತಿಳಿಯಲಿಲ್ಲ. ಟೋಬಿ ಎಸ್ಟರ್‌ಹೇಸ್ ಒಬ್ಬನನ್ನು ಬೇಗ ಹಿಡಿದೆ, ಅವನೂ ಹಂಗೇರಿ ಮೂಲದವನಲ್ಲವಾ.

ಬೈವಾಟರ್_ಬೀದಿ

ಕ್ಷಮೆಯ ವಿಷಯ ನನಗೆ ಗೊತ್ತಿರಲಿಲ್ಲ. ಒಂದೆರಡು ಅಧ್ಯಾಯ ಮತ್ತೆ ಓದಬೇಕು.

@ರಾತ್ರಿಪಾಳಿ_ಹುಬ್ಬಳ್ಳಿ, ಚಟದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ನೀವು ಹೇಳಿದ್ದು ಸರಿ. ಆದರೆ ಒಂದು ನೋಡಿ. ಹಾರ್ಕವೇ ಹುಟ್ಟಿದ್ದು 1972ರಲ್ಲಿ. 'ಟಿಂಕರ್ ಟೈಲರ್' ಬಂದಾಗ ಎರಡು ತುಂಬದ ಮಗು. ಆಮೇಲೆ ಎಂಟು ತುಂಬುವುದರೊಳಗೆ 'ದ ಆನರಬಲ್ ಸ್ಕೂಲ್‌ಬಾಯ್', 'ಸ್ಮೈಲೀಸ್ ಪೀಪಲ್', ಟೀವಿಯಲ್ಲಿ ಸ್ಮೈಲಿಯಾಗಿ ಅಲೆಕ್ ಗಿನ್ನೆಸ್, ಎಲ್ಲ ಆಗಿಹೋಯಿತು. ಆ ಮನೆಯಲ್ಲಿ ಸ್ಮೈಲಿ ಒಬ್ಬ ದೊಡ್ಡಪ್ಪನ ಹಾಗೆ ಇದ್ದಿರಬೇಕು. ಚಿಕ್ಕಂದಿನಲ್ಲಿ ಕಂಡ ದೊಡ್ಡಪ್ಪನನ್ನು ಯಾರು ಸಣ್ಣವನನ್ನಾಗಿ ಬರೆಯುತ್ತಾರೆ? ನನಗೆ ಆ ಮೆತ್ತಗಿನ ಸ್ಮೈಲಿ ತೊಂದರೆ ಕೊಡಲಿಲ್ಲ. ನನಗೆ ತೊಂದರೆ ಕೊಟ್ಟದ್ದು ಕಾರ್ಲಾ. ಅವನು ದೂರದಲ್ಲಿದ್ದಷ್ಟೂ ಭಯ. ಇಲ್ಲಿ ಹತ್ತಿರ ತಂದರು, ಬೆನ್ನ ಹಿಂದಿನ ಕಥೆ ಕೊಟ್ಟರು. ಕೊಡಬಾರದಿತ್ತು.

ಹೊಸ_ಓದುಗಿ

ಎಚ್ಚರಿಕೆ ಹಾಕಿದ್ದಿರಿ, ಓದಿದೆ. ಓದಿಯೂ ಕೆಳಗೆ ಬಂದೆ, ತಪ್ಪು ನನ್ನದೇ. ಈಗ ಹೇಡನ್ ಯಾರು ಎಂದು ಗೊತ್ತಾಗಿಹೋಯಿತು. ಇನ್ನು 'ಟಿಂಕರ್ ಟೈಲರ್' ಓದಿ ಏನು ಪ್ರಯೋಜನ? ಓದುವುದಾದರೆ ಎಲ್ಲಿಂದ ಶುರುಮಾಡಲಿ? ನೇರವಾಗಿ ಈ ಹೊಸದನ್ನೇ ಹಿಡಿಯಲಾ? ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ.

ರಾತ್ರಿಪಾಳಿ_ಹುಬ್ಬಳ್ಳಿ

ತಂಗೀ, ಧೈರ್ಯವಾಗಿ ಓದು. ಸರ್ಕಸ್‌ನಲ್ಲಿ ಅದು ಎಲ್ಲರಿಗೂ ಒಳಗೊಳಗೆ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪುಸ್ತಕ ಇರುವುದೇ ಅದರ ಬಗ್ಗೆ.

ಮೊದಲು 'ದ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್'. ಸಣ್ಣದು, ಭಾಷೆ ನೇರ. ಅದರಲ್ಲಿ ಸ್ಮೈಲಿ ಹಿಂದೆಲ್ಲೋ ನೆರಳಿನ ಹಾಗೆ ಓಡಾಡುತ್ತಾನೆ ಅಷ್ಟೆ. ಅದಾದಮೇಲೆ ಎರಡು ದಾರಿ. ಹಳಬರ ದಾರಿ ಎಂದರೆ 'ಟಿಂಕರ್ ಟೈಲರ್'. ಮೊದಲ ನೂರು ಪುಟ ಏನೂ ಅರ್ಥವಾಗುವುದಿಲ್ಲ, ಹೆದರಬೇಡ, ಯಾರಿಗೂ ಆಗಿಲ್ಲ. ಅಷ್ಟು ತಾಳ್ಮೆ ಇಲ್ಲ ಎಂದರೆ 'ಕಾರ್ಲಾಸ್ ಚಾಯ್ಸ್' ಹಿಡಿ. ಕಾಲದ ಪ್ರಕಾರವೂ ಅದೇ ಮುಂದಿನದು, ಓದಲೂ ಹಗುರ. ಜನರ ಪರಿಚಯವಾಗುತ್ತದೆ. ಓದುವ ಬದಲು ಕೇಳುವುದಾದರೆ ಸೈಮನ್ ರಸೆಲ್ ಬೀಲ್ ಓದಿದ ಆಡಿಯೊ ಇದೆ. ಬಿಬಿಸಿ ರೇಡಿಯೊ ನಾಟಕಗಳಲ್ಲಿ ಸ್ಮೈಲಿ ಆಗಿದ್ದವರು ಅವರೇ. ನನ್ನ ಕಣ್ಣಿಗೆ ಈಗ ಸಣ್ಣ ಅಕ್ಷರ ಆಗುವುದಿಲ್ಲ, ಅರ್ಧ ಹಾಗೆಯೇ ಕೇಳಿದ್ದು.

ಅಂಗಡಿಬೀದಿ_ಕುಂದಾಪುರ

ಮತ್ತೆ 'ದ ಆನರಬಲ್ ಸ್ಕೂಲ್‌ಬಾಯ್' ಬಿಟ್ಟುಬಿಡಿ ಎಂದು ಯಾರೂ ಹೇಳಲಿಲ್ಲವಲ್ಲ ಅವರಿಗೆ? ನಾನು ಹೇಳುತ್ತೇನೆ. ಬಿಟ್ಟುಬಿಡಿ. ಹಾಂಗ್‌ಕಾಂಗ್, ಲಾವೋಸ್, ಕಾಂಬೋಡಿಯಾ ಎಂದು ಸುತ್ತಿಸಿ ಸುಸ್ತು ಮಾಡುತ್ತಾರೆ.

ರಾತ್ರಿಪಾಳಿ_ಹುಬ್ಬಳ್ಳಿ

ಬಾಂಡ್ ಪಾರ್ಟಿಯವರ ಮಾತು ಕೇಳಬೇಡ ತಂಗೀ. ಅದರಲ್ಲಿ ಸ್ಮೈಲಿ ಹೇಡನ್‌ನ ಹಳೇ ಫೈಲುಗಳನ್ನೆಲ್ಲ ತೆಗೆಸಿ, ಅವನು ಯಾವ ಕಾಗದ ಮುಚ್ಚಿಟ್ಟಿದ್ದ ಎಂದು ಹುಡುಕಿಸುವ ಭಾಗ ಇದೆ. ಅಷ್ಟಕ್ಕಾದರೂ ಓದಲೇಬೇಕು. ಕುಂದಾಪುರದವರೇ, ಇದಕ್ಕೆ ಬೇರೆ ಚರ್ಚೆ ಶುರುಮಾಡಿ, ಅಲ್ಲಿ ನೋಡಿಕೊಳ್ಳುತ್ತೇನೆ.